ಆರ್ಲೋ ಪಿಕೆಟ್‌ನ ಜಾಗ

ಆ ಶನಿವಾರ ಬೆಳಿಗ್ಗೆ ಬಿದ್ದದ್ದು ಹಿಮವೂ ಅಲ್ಲ, ಮಳೆಯೂ ಅಲ್ಲ. ಎರಡರ ನಡುವಿನ ಏನೋ ಒಂದು ಉತ್ತರದ ಗಾಳಿಯ ಜೊತೆ ಅಡ್ಡಡ್ಡವಾಗಿ ಬಂದು, ಹೋಟೆಲಿನ ಕಿಟಕಿಗೆ ಯಾರೋ ಹಿಡಿಹಿಡಿ ಉಪ್ಪು ಎರಚಿದ ಹಾಗೆ ಸದ್ದು ಮಾಡುತ್ತಿತ್ತು. ಕೆಳಗೆ ಸಾಲಾಗಿ ನಿಂತ ಪಿಕಪ್ ಗಾಡಿಗಳ ಬೆನ್ನೆಲ್ಲ ಬೆಳ್ಳಗಾಗಿತ್ತು. ಅವುಗಳಾಚೆ ರೈಲು ಹಳಿ, ಹಳಿಯಾಚೆ ಗೋಧಿ ತುಂಬುವ ಎತ್ತರದ ಕಣಜ, ಅದರಾಚೆ ಚಳಿಗಾಲದ ಪೈರು ಬೆರಳುದ್ದ ಎದ್ದ ಹೊಲ. ಆಮೇಲೆ ಏನೂ ಇಲ್ಲ, ಬರೀ ಆಕಾಶ. ಲೈಲ್ ಡರ್ಕ್‌ಸನ್ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಇದನ್ನೆಲ್ಲ ನೋಡುತ್ತಿದ್ದ, ಅಥವಾ ನೋಡುತ್ತಿರುವವನಂತೆ ಕೋಣೆಗೆ ಬೆನ್ನು ಮಾಡಿ ನಿಂತಿದ್ದ. ಅವನ ಬಲಗೈಯ ಕಿರುಬೆರಳೂ ಉಂಗುರದ ಬೆರಳೂ ಎಚ್ಚರವಾಗಿರಲಿಲ್ಲ. ಹೋದ ಶನಿವಾರ ಎದುರಾಳಿಯೊಬ್ಬನ ಶಿರಸ್ತ್ರಾಣ ಮೊಣಕೈಯ ಒಳಗಡೆ ಬಡಿದಾಗ ಭುಜದಿಂದ ಉಗುರಿನ ತನಕ ಒಂದು ಬೆಂಕಿ ಹರಿದಿತ್ತು. ಬೆಂಕಿ ಆರಿದ ಮೇಲೆ ಆ ಎರಡು ಬೆರಳು ಮಾತ್ರ ಹಿಂದಿರುಗಿರಲಿಲ್ಲ. ವಾರವೆಲ್ಲ ಅವನು ಅವುಗಳನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡಿದ್ದ. ಯಾರಿಗೂ ಹೇಳಿರಲಿಲ್ಲ. ಚೆಂಡಿನ ಹೊಲಿಗೆಯ ಮೇಲೆ ಕೂರಬೇಕಾದ ಬೆರಳುಗಳು ಅವೇ ಎರಡು.

"ಗುಂಡಿ ಕಚ್ಚುತ್ತೇನೋ?" ಎಂದು ಹಿಂದಿನಿಂದ ಆರ್ಲೋ ಪಿಕೆಟ್ ಕೇಳಿದ. ಅವನು ಆಚೆ ಮಂಚದ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದ.

"ಹೊಸ ಅಂಗಿ. ಕಾಜಾ ಬಿಗಿ."

"ಹೋದ ವಾರಾನೂ ಇದನ್ನೇ ಹಾಕ್ಕೊಂಡಿದ್ದೆ."

ಲೈಲ್ ಎಡಗೈಯಿಂದ ಕೊನೆಯ ಗುಂಡಿ ಹಾಕಿಕೊಂಡ. ಆರ್ಲೋ ಮತ್ತೆ ಕೇಳಲಿಲ್ಲ. ಸ್ವಂತ ಊರಿನ ಆಟವಾದರೂ ಹಿಂದಿನ ರಾತ್ರಿ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡವನ್ನೆಲ್ಲ ಹೋಟೆಲಿನಲ್ಲಿ ಮಲಗಿಸುವುದು ಕೋಚ್ ಮರ್ಡಾಕ್‌ನ ಪದ್ಧತಿ. ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗಳಿಬ್ಬರಿಗೂ ಒಂದೇ ಕೋಣೆ, ಆಡುವವನಿಗೂ ಆಡದೆ ಕಾಯುವವನಿಗೂ. ಎರಡು ವರ್ಷದಿಂದ ಈ ಇಬ್ಬರು ಹೀಗೆ ಒಬ್ಬರ ಉಸಿರು ಒಬ್ಬರು ಕೇಳುತ್ತ ಮಲಗಿದ್ದರು. ಆರ್ಲೋ ಗೊರಕೆ ಹೊಡೆಯುತ್ತಿರಲಿಲ್ಲ, ಹೊರಳುತ್ತಿರಲಿಲ್ಲ. ಅವನು ಇದ್ದಾನೆಂದೇ ತಿಳಿಯದಂತೆ ಮಲಗುತ್ತಿದ್ದ. ಒಂದೊಂದು ಸಲ ಲೈಲ್‌ಗೆ ಇದೂ ಒಂದು ಬಗೆಯ ಆಪಾದನೆಯೆಂದು ಅನ್ನಿಸುತ್ತಿತ್ತು. ಬೈದಿದ್ದರೆ, ಒಂದು ದಿನವಾದರೂ ಬಾಗಿಲನ್ನು ಜೋರಾಗಿ ಹಾಕಿಕೊಂಡಿದ್ದರೆ, ಎದುರಿಗೊಬ್ಬ ಮನುಷ್ಯ ಸಿಕ್ಕಂತಾಗುತ್ತಿತ್ತು. ಇವನು ಬೂಟಿನ ದಾರವನ್ನು ಎಳೆದು ಎಳೆದು ಸಮ ಮಾಡುತ್ತಾನೆ, ಅಷ್ಟೆ.

ಲೈಲ್‌ನ ಹೆಸರು ಆ ರಾಜ್ಯದಲ್ಲಿ ಗೊತ್ತಿಲ್ಲದವರಿರಲಿಲ್ಲ. ಚೆಂಡು ಮೊದಲು ಅವನ ಕೈಗೆ ಬರುತ್ತದೆ. ಅದನ್ನು ಹೊತ್ತು ಓಡುವವನಿಗೆ ಕೊಡಬೇಕೋ, ದೂರ ಓಡಿದವನಿಗೆ ಎಸೆಯಬೇಕೋ ಎಂದು, ಮೈಮೇಲೆ ಬೀಳಲು ಬರುವ ನಾಲ್ಕೈದು ದೈತ್ಯರ ಎದುರಿಗೆ ನಿಂತು, ಅವನೊಬ್ಬ ತೀರ್ಮಾನಿಸಬೇಕು. ಅವನ ತೀರ್ಮಾನಗಳು ಎರಡು ವರ್ಷದಲ್ಲಿ ಅಪರೂಪಕ್ಕೆ ತಪ್ಪಿದ್ದವು. ಬ್ಯಾಂಕಿನ ಗೋಡೆಯ ಮೇಲೆ ಅವನ ಆಳೆತ್ತರದ ಚಿತ್ರವಿತ್ತು. ಪೆಟ್ರೋಲ್ ಬಂಕಿನಲ್ಲಿ ಮುದುಕರು ಟೋಪಿ ತೆಗೆದು ಮಾತಾಡಿಸುತ್ತಿದ್ದರು. ಇಂದು ಸ್ವಂತ ಮೈದಾನದಲ್ಲಿ ಅವನ ಕೊನೆಯ ಆಟ. ಇದಾದ ಮೇಲೆ ಹೊರ ಊರಿನಲ್ಲಿ ಒಂದು, ಗೆದ್ದರೆ ಹೊಸ ವರ್ಷದ ದಿನ ದೇಶವೆಲ್ಲ ಟಿ.ವಿ. ಎದುರು ಕೂತು ನೋಡುವ ದೊಡ್ಡ ಆಟ. ಆಮೇಲೆ ವೃತ್ತಿ ತಂಡಗಳು ಹುಡುಗರನ್ನು ಆರಿಸಿಕೊಳ್ಳುವ ವಸಂತ. ಅವರ ಕಡೆಯವರು ಇಂದು ಬರುತ್ತಾರೆ, ಮೇಲಿನ ಗಾಜಿನ ಕೋಣೆಯಲ್ಲಿ ಕೂತು ಅವನ ಕೈಯನ್ನೇ ನೋಡುತ್ತಾರೆ ಎಂದು ಅಪ್ಪ ಫೋನಿನಲ್ಲಿ ಹೇಳಿದ್ದ. ಕೈ ಎಂಬ ಮಾತನ್ನು ಅಪ್ಪ ಅವತ್ತು ಎಷ್ಟು ಸಲ ಆಡಿದನೋ.

ತಿಂಡಿಗೆ ಮುಂಚೆ ಪ್ರಾರ್ಥನೆ. ಹೋಟೆಲಿನ ಊಟದ ಕೋಣೆಯ ಮೇಜುಗಳನ್ನು ಗೋಡೆಗೆ ಸರಿಸಿ, ಮಡಚುವ ಕುರ್ಚಿಗಳನ್ನು ಹಾಕಿದ್ದರು. ಪಕ್ಕದ ಅಡುಗೆಮನೆಯಿಂದ ಹಂದಿಮಾಂಸ ಹುರಿಯುವ ವಾಸನೆ ಬರುತ್ತಿತ್ತು. ಪಾದ್ರಿ ಮೆಲ್ಲನೆಯ ದನಿಯ ಮನುಷ್ಯ. ಪೆಟ್ಟಾಗದಿರಲಿ, ನಮಗೂ ಎದುರಾಳಿಗೂ, ಎಂದು ಬೇಡಿಕೊಂಡ. ಅಷ್ಟು ಜನ ದಪ್ಪ ಕತ್ತಿನ ಹುಡುಗರು ಒಟ್ಟಿಗೆ ತಲೆ ಬಗ್ಗಿಸಿದರು. ಲೈಲ್ ಕಣ್ಣು ಮುಚ್ಚಿದ. ಮುಚ್ಚಿದೊಡನೆ ಅಮ್ಮನ ಚರ್ಚಿನ ಮರದ ಬೆಂಚು, ಬೆಂಚಿನ ಬೆನ್ನಿಗೆ ಹಚ್ಚಿದ ಮೇಣದ ವಾಸನೆ. ಅದು ಎರಡು ವರ್ಷದ ಹಿಂದಿನ ಅಕ್ಟೋಬರಿನ ಭಾನುವಾರ. ಹಿಂದಿನ ದಿನವಷ್ಟೇ ಆರ್ಲೋ ಪಿಕೆಟ್‌ನ ಮೊಣಕಾಲು ಮೈದಾನದ ನಡುವೆ ಹೊರಮುಖವಾಗಿ ಮಡಚಿತ್ತು. ಆಗ ಆಡುತ್ತಿದ್ದವನು ಆರ್ಲೋ. ಕಾಯುತ್ತಿದ್ದವನು ಲೈಲ್. ಡೋಲಿಯ ಮೇಲೆ ಎತ್ತಿ ಹಾಕುವಾಗಲೂ ಆರ್ಲೋ ಇವನ ಅಂಗಿ ಹಿಡಿದು ಹತ್ತಿರ ಎಳೆದು, ನೋವಿಗೆ ತುಟಿ ಬೆಳ್ಳಗಾಗಿದ್ದರೂ, "ಅವರ ಎಡಮೂಲೆಯವನು ಮೋಸಕ್ಕೆ ಬೀಳ್ತಾನೆ. ಓಡೋ ಹಾಗೆ ತೋರಿಸು, ಮುಂದಕ್ಕೆ ನುಗ್ತಾನೆ. ಅವನ ತಲೆ ಮೇಲಿಂದ ಎಸಿ," ಎಂದಿದ್ದ. ಲೈಲ್ ಹಾಗೇ ಮಾಡಿದ. ಎಡಮೂಲೆಯವನು ಮುಂದಕ್ಕೆ ನುಗ್ಗಿದ. ಚೆಂಡು ಅವನ ತಲೆಯ ಮೇಲಿಂದ ಹೋಗಿ ತಮ್ಮ ತಂಡದವನ ಎದೆಗೆ ಬಿತ್ತು. ಮರುದಿನದ ಪತ್ರಿಕೆಗಳು ಹತ್ತೊಂಬತ್ತರ ಹುಡುಗನ ಕಣ್ಣಿನ ಚುರುಕನ್ನು ಹೊಗಳಿದವು. ಚರ್ಚಿನಲ್ಲಿ ಅಮ್ಮ ಎದ್ದು ನಿಂತು, ಪಾಪ ಆ ಪಿಕೆಟ್ ಹುಡುಗನ ಕಾಲಿಗಾಗಿ ಎಲ್ಲರೂ ಬೇಡಿಕೊಳ್ಳೋಣ ಎಂದಳು. ಎಲ್ಲರೂ ಬೇಡಿಕೊಂಡರು. ಲೈಲ್ ಕೂಡ ಮನಸ್ಸಿಟ್ಟು ಬೇಡಿಕೊಂಡ, ಅವನ ಕಾಲು ವಾಸಿಯಾಗಲಿ ಎಂದು. ಆದರೆ ಆ ಮಾತಿನ ಬಾಲ ಹಿಡಿದು, ಅವನು ಕರೆಯದೆಯೇ, ಇನ್ನೊಂದು ಮಾತು ಬಂದಿತ್ತು: ಬೇಗ ಬೇಡ.

ದೇವರಿಗೆ ಎರಡೂ ಕೇಳಿಸಿರಬೇಕು. ಕಾಲು ವಾಸಿಯಾಯಿತು, ಬೇಗ ಆಗಲಿಲ್ಲ. ಮುಂದಿನ ಆಗಸ್ಟ್‌ನಲ್ಲಿ ಆರ್ಲೋ ಮೈದಾನಕ್ಕೆ ಓಡಿಕೊಂಡು ಬಂದಾಗ ಆ ಮೈದಾನ ಲೈಲ್‌ನದಾಗಿತ್ತು.

ಈ ಆಟದವರಲ್ಲಿ ಯಾವ ಪುಸ್ತಕದಲ್ಲೂ ಬರೆಯದ ಒಂದು ಕಟ್ಟಳೆಯಿದೆ. ಪೆಟ್ಟು ಬಿದ್ದು ಹೊರಗೆ ಹೋದವನ ಜಾಗ ಅವನದೇ. ಬದಲಿಗೆ ಬಂದವನು ಎಷ್ಟೇ ಚೆನ್ನಾಗಿ ಆಡಲಿ, ಅವನು ಆ ಜಾಗವನ್ನು ನೋಡಿಕೊಳ್ಳುವವನು ಮಾತ್ರ. ಹೋದವನು ಕುಂಟು ಬಿಟ್ಟು ಬಂದ ದಿನ ಇವನು ಎದ್ದು ಬೆಂಚಿಗೆ ಹೋಗಬೇಕು. ಇದನ್ನು ಹುಡುಗರು ಶಾಲೆಯ ಮೈದಾನದಲ್ಲೇ ಕಲಿತಿರುತ್ತಾರೆ, ಹೊಡೆದಾಟವಾದರೂ ಇದನ್ನು ಮೀರುವುದಿಲ್ಲ. ಆ ಆಗಸ್ಟ್‌ನಲ್ಲಿ ಎಲ್ಲರೂ ಲೈಲ್‌ನ ಮುಖ ನೋಡಿದರು. ಅವನು ಕೋಚ್‌ನ ಮುಖ ನೋಡಿದ. ಕೋಚ್ ಮರ್ಡಾಕ್, "ಗೆಲ್ತಾ ಇರೋ ತಂಡಾನ ನಾನು ಮುಟ್ಟಲ್ಲ," ಎಂದ. ಅಷ್ಟಕ್ಕೆ ಮುಗಿಯಿತು. ಲೈಲ್ ಒಂದು ಮಾತು ಆಡಬಹುದಿತ್ತು. ಆಡುವವನೇ ಇದ್ದ, ನಾಳೆ ಎಂದುಕೊಂಡಿದ್ದ. ಮಾರನೆಯ ದಿನ ಬೇರೆ ಊರಿನಿಂದ ಪತ್ರಿಕೆಯವರು ಬಂದಿದ್ದರು. ಪೆಟ್ಟಾದ ವರ್ಷ ಲೆಕ್ಕಕ್ಕೆ ಬಾರದೆ, ಒಂದು ವರ್ಷ ದೊಡ್ಡವನಾದ ಆರ್ಲೋ ಇವನ ಜೊತೆಗೇ ಕೊನೆಯ ವರ್ಷಕ್ಕೆ ಬಂದು ನಿಂತ. ಬೇರೆ ಕಾಲೇಜಿಗೆ ಹೋಗೋ ಎಂದವರಿದ್ದರು. ಅವನು ಹೋಗಲಿಲ್ಲ. ಮೈದಾನದ ಅಂಚಿನ ಗೆರೆಯಾಚೆ ಟೋಪಿ ಹಾಕಿಕೊಂಡು ನಿಂತು, ಕೋಚ್ ಹೇಳಿದ ಮುಂದಿನ ವರಸೆಯನ್ನು ಕೈಸನ್ನೆಯಲ್ಲಿ ಲೈಲ್‌ಗೆ ತಲುಪಿಸುವ ಕೆಲಸ ಅವನ ಪಾಲಿಗೆ ಬಂತು. ಎದುರಾಳಿಗಳ ಕಣ್ಣು ತಪ್ಪಿಸಲು ಅವನ ಪಕ್ಕ ಇನ್ನೊಬ್ಬ ನಿಂತು ಸುಳ್ಳು ಸನ್ನೆ ಮಾಡುತ್ತಿದ್ದ. ನಿಜದ ಸನ್ನೆ ಆರ್ಲೋನದು. ಹೀಗೆ ಎರಡು ವರ್ಷ, ಪ್ರತಿಯೊಂದು ವರಸೆಗೂ ಮುಂಚೆ, ಲೈಲ್ ತಲೆಯೆತ್ತಿ ನೋಡಿದ್ದು ಆ ಎರಡು ಕೈಗಳನ್ನು. ಬ್ಯಾಂಕಿನ ಗೋಡೆಯ ಚಿತ್ರದಲ್ಲಿ ಅವು ಇರಲಿಲ್ಲ.

ಪಾದ್ರಿ ಆಮೆನ್ ಎಂದ. ಕುರ್ಚಿಗಳು ಸದ್ದು ಮಾಡಿದವು. ಪಕ್ಕದಲ್ಲಿದ್ದ ಡ್ವೇನ್ ಕುಲಿಕ್ ಇವನ ಪಕ್ಕೆಗೆ ತಿವಿದು, "ಏಳೋ, ದೇವರಿಗೂ ತಿಂಡಿಗೆ ಹೊತ್ತಾಯ್ತು," ಎಂದ. ಕುಲಿಕ್ ಎರಡು ತಂಡ ಎದುರುಬದುರಾಗುವ ಗೆರೆಯ ನಟ್ಟನಡುವೆ ಬಗ್ಗಿ ನಿಂತು ಕಾಲ ಸಂದಿಯಿಂದ ಚೆಂಡನ್ನು ಲೈಲ್‌ನ ಕೈಗೆ ಒಪ್ಪಿಸುವವನು. ಬಾಗಿಲಿನಲ್ಲಿ ಹಾಯಲು ಅವನು ಕೊಂಚ ಓರೆಯಾಗಬೇಕಾಗುತ್ತಿತ್ತು.

ಮಧ್ಯಾಹ್ನದ ಆಟಕ್ಕೆ ಮುಂಚೆ, ಕೊನೆಯ ವರ್ಷದ ಹುಡುಗರನ್ನು ಒಬ್ಬೊಬ್ಬರನ್ನಾಗಿ ಹೆಸರು ಕೂಗಿ, ತಂದೆತಾಯಿಯ ಜೊತೆ ಮೈದಾನದ ನಡುವಿಗೆ ನಡೆಸುವ ಪದ್ಧತಿ. ಸುರಂಗದಂತಹ ದಾರಿಯಲ್ಲಿ ಎಲ್ಲರೂ ಸಾಲುಗಟ್ಟಿ ನಿಂತಿದ್ದರು. ತಾಯಂದಿರ ಕೋಟಿಗೆ ಒಂದೊಂದು ದೊಡ್ಡ ಹಳದಿ ಸೇವಂತಿಗೆ ಚುಚ್ಚಿದ್ದರು. ಲೈಲ್‌ನ ಅಪ್ಪ ಹಾರ್ಲನ್, ಮದುವೆಗೂ ಸಾವಿಗೂ ಹಾಕುವ ಒಂದೇ ಕೋಟಿನಲ್ಲಿ, ಮಗನ ಕಡೆ ನೋಡದೆ ಎದುರಿನ ಬೆಳಕಿನ ಕಡೆ ನೋಡುತ್ತಿದ್ದ. "ಬೆನ್ನು ನೇರ ಇಟ್ಕೊ. ಮೇಲೆ ಎಲ್ಲಾ ಬಂದು ಕೂತಿದಾರೆ," ಎಂದ. ಅಮ್ಮ ಇವನ ಕಾಲರು ಸರಿಮಾಡುವ ನೆವದಲ್ಲಿ ಕೆನ್ನೆ ಮುಟ್ಟಿದಳು. "ರಾತ್ರಿ ನಿದ್ದೆ ಮಾಡಿದ್ಯಾ? ಕಣ್ಣು ನೋಡು ಹೇಗಾಗಿದೆ." ಹಿಂದೆ ಕೆಲವರ ಆಚೆ ಆರ್ಲೋನ ತಾಯಿ ಒಬ್ಬಳೇ ಬಂದಿದ್ದಳು. ಅವಳು ಶಾಲೆಯ ಹಳದಿ ಬಸ್ಸು ಓಡಿಸುವವಳು. ಅಗಲವಾದ ಕೈ, ಅಗಲವಾದ ಮುಖ. ಮಗನನ್ನು ಸಾಲಿನಲ್ಲೇ ಬಿಟ್ಟು ಲೈಲ್‌ನ ಹತ್ತಿರ ಬಂದು, ಯಾರಿಗೋ ತೊಂದರೆ ಕೊಡುತ್ತಿರುವವಳಂತೆ ನಕ್ಕು, ಅವನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಯ್ಯೋ, ಎಷ್ಟು ತಣ್ಣಗಿದೆ ಮಗಾ ನಿನ್ನ ಕೈ."

"ಹೊರಗಡೆ ಚಳಿ, ಮಿಸೆಸ್ ಪಿಕೆಟ್."

"ನಿನ್ನ ಹತ್ರ ಒಂದು ಕೇಳಲಾ? ಅವನಿಗೆ ಹೇಳ್ಬೇಡ, ಕೇಳಿದೆ ಅಂತ. ಹೇಗಿದ್ರೂ ನೀವು ಗೆದ್ದೇ ಗೆಲ್ತೀರ. ಕೊನೇಲಿ ಗೆದ್ದು ಆದಮೇಲೆ, ಒಂದೈದು ನಿಮಿಷ ಅವನನ್ನೂ ಬಿಡ್ತಾರೇನಪ್ಪಾ? ಅವನಜ್ಜ ಬಂದಿದಾನೆ ನೋಡೋಕೆ. ಬಂದಿದ್ದಕ್ಕೆ ಒಂದ್ಸಲ ಕಣ್ಣಿಗೆ ಬಿದ್ರೆ ಸಾಕು."

"ಬಿಡ್ತಾರೆ," ಎಂದ ಲೈಲ್. ಇನ್ನೇನು ಹೇಳುವುದಿತ್ತು. ಅವಳು ತೃಪ್ತಿಯಾದವಳಂತೆ ಅವನ ಕೈಯನ್ನು ಇನ್ನೊಂದು ಸಲ ಉಜ್ಜಿ ಹಿಂದಕ್ಕೆ ಹೋದಳು. ಅವಳು ಉಜ್ಜಿದ್ದು ಅವನಿಗೆ ಮೂರು ಬೆರಳಿನಲ್ಲಿ ಮಾತ್ರ ತಿಳಿಯಿತು. ಲೈಲ್‌ನ ಹೆಸರು ಕೂಗಿದಾಗ ಇಡೀ ಕಟ್ಟಡ ಎದ್ದು ನಿಂತು ಗುಡುಗಿತು. ಅಪ್ಪನ ಕತ್ತು ಕೆಂಪಾಯಿತು, ಅಮ್ಮ ಅತ್ತಳು. ಅವನು ಕೈಯೆತ್ತಿ ಬೀಸಿದ, ಎಡಗೈ. ಸ್ವಲ್ಪ ಹೊತ್ತಿನ ಮೇಲೆ ಆರ್ಲೋ ಪಿಕೆಟ್ ಎಂದು ಕೂಗಿದರು. ಜನ ಮರ್ಯಾದೆಗೆ ಎಷ್ಟು ತಟ್ಟಬೇಕೋ ಅಷ್ಟು ತಟ್ಟಿದರು. ಬಹಳ ಮಂದಿ ಅಷ್ಟರಲ್ಲಿ ಕೂತುಬಿಟ್ಟಿದ್ದರು. ತಾಯಿಯೂ ಮಗನೂ ಗೆರೆ ತಪ್ಪದೆ ನಡೆದು ಬಂದು ಇವರ ಪಕ್ಕ ನಿಂತರು. ಅವಳ ಸೇವಂತಿಗೆ ಗಾಳಿಗೆ ತಿರುಗಿ ಮುಖ ಕೆಳಗೆ ಮಾಡಿತ್ತು.

ಆಟ ಶುರುವಾದ ಮೇಲೆ ಲೈಲ್‌ಗೆ ಒಂದು ವಿಚಿತ್ರ ನೆಮ್ಮದಿ ಬಂತು. ತಾನೇ ಮೇಲಿನ ಗಾಜಿನ ಕೋಣೆಯಲ್ಲಿ ಕೂತು ಕೆಳಗೆ ಯಾರೋ ಒಬ್ಬ ಆಡುವುದನ್ನು ನೋಡುತ್ತಿರುವಂತೆ. ಕೆಳಗಿನವನು ಚೆಂಡು ಎಸೆಯುತ್ತಿದ್ದ, ಅದು ಸುತ್ತುವ ಬದಲು ಒದ್ದಾಡುತ್ತ ಹೋಗುತ್ತಿತ್ತು. ಹತ್ತಿರದವರಿಗೆ ಮುಟ್ಟುತ್ತಿತ್ತು. ದೂರದವರಿಗೆ ಎಸೆದದ್ದು ಹಿಂದೆಯೇ ಬೀಳುತ್ತಿತ್ತು. ಗಾಳಿ ಎಂದು ಜನ ಗಾಳಿಯನ್ನು ಬೈದರು. ಅವನು ಮಾಡಿದ ಹೆಸರು ಅಷ್ಟು ದೊಡ್ಡದಾಗಿತ್ತು, ತಪ್ಪು ಗಾಳಿಯದಾಯಿತು, ಚೆಂಡಿನದಾಯಿತು, ಹಿಡಿಯುವವರದಾಯಿತು. ಒಬ್ಬ ಹುಡುಗ ಕೈಗೆ ಸಿಗದ ಚೆಂಡಿಗಾಗಿ ಕೋಚ್‌ನಿಂದ ಬೈಸಿಕೊಂಡು ಲೈಲ್‌ಗೆ, "ನಂದೇ ತಪ್ಪು ಕಣೋ," ಎಂದ. ಲೈಲ್ ಅವನ ಬೆನ್ನು ತಟ್ಟಿದ. ಬೆನ್ನು ತಟ್ಟುವಾಗ ಕೋಣೆಯಲ್ಲಿ ಕೂತು ನೋಡುತ್ತಿದ್ದವನು ಇದನ್ನೂ ನೋಡಿದ.

"ಏನೋ ಇದು, ನನ್ನ ಅಡೀಲಿ ಸತ್ತ ಮೀನು ಇಟ್ಟ ಹಾಗಿದೆ ನಿನ್ನ ಕೈ," ಎಂದ ಕುಲಿಕ್, ಎಲ್ಲರೂ ತಲೆ ಕೂಡಿಸಿ ನಿಂತಾಗ.

"ಚಳಿ ಕಣೋ."

"ಚಳಿ ಎರಡೇ ಬೆರಳಿಗೆ ಹಿಡಿಯುತ್ತಾ? ಎರಡು ವರ್ಷದಿಂದ ನಿನ್ನ ಕೈ ಮೇಲೆ ಕೂತವನು ನಾನು. ನಾಳೆ ನನ್ನ ಕಟ್ಕೊಳ್ಳೋಳಿಗೂ ಇಷ್ಟು ಪರಿಚಯ ಇರಲ್ಲ."

ಸುತ್ತ ನಿಂತವರು ನಕ್ಕರು. ಲೈಲ್ ನಕ್ಕ. ಕುಲಿಕ್ ನಗಲಿಲ್ಲ. ಗೆರೆಗೆ ಹೋಗಿ ಬಗ್ಗುವ ಮುಂಚೆ ತಿರುಗಿ ಒಂದು ಸಲ ನೋಡಿದ. ಗೆರೆಯಾಚೆ ಆರ್ಲೋನ ಕೈಗಳು ಎಂದಿನ ಹಾಗೆ ಎದ್ದವು. ಭುಜ, ಟೋಪಿ, ಮೊಣಕೈ. ದೂರದ ಎಸೆತ. ಸನ್ನೆ ಮುಗಿದ ಮೇಲೆ ಆ ಕೈಗಳು ತಕ್ಷಣ ಕೆಳಗಿಳಿಯಲಿಲ್ಲ, ಕೊಂಚ ಹೊತ್ತು ಹಾಗೇ ನಿಂತವು, ಏನನ್ನೋ ಹೇಳಬೇಕೆಂದು ಎತ್ತಿ ಹೇಳದೆ ಬಿಟ್ಟ ಕೈಗಳ ಹಾಗೆ. ಆರ್ಲೋನಿಗೆ ಬೆಳಿಗ್ಗೆಯಿಂದಲೇ ತನ್ನ ಬೆರಳಿನ ವಿಷಯ ಗೊತ್ತಿದೆ ಎಂದು ಲೈಲ್‌ಗೆ ಆಗ ಹೊಳೆಯಿತು. ಬೆಳಿಗ್ಗೆಯಿಂದ ಯಾಕೆ, ವಾರದಿಂದಲೇ. ಗೊತ್ತಿದ್ದೂ ಕೋಚ್‌ಗೆ ಒಂದು ಮಾತು ಹೇಳಿಲ್ಲ. ಹೇಳಿದ್ದರೆ ಇವತ್ತು ಅವನೇ ಆಡುತ್ತಿದ್ದ. ಕಟ್ಟಳೆಯನ್ನು ಅವನು ಆ ಕಡೆಯಿಂದಲೂ ಮೀರಲಿಲ್ಲ. ಇನ್ನೊಬ್ಬನ ಪೆಟ್ಟನ್ನು ಹಿಡಿದುಕೊಂಡು ಒಳಗೆ ಬರಲಿಲ್ಲ. ಲೈಲ್ ಚೆಂಡು ತೆಗೆದುಕೊಂಡು ಹಿಂದೆ ಸರಿದು ಕೈ ಎತ್ತಿದ. ಚೆಂಡು ಯಾರೂ ಮುಟ್ಟದೆ ಅವನ ಕೈಯಿಂದ ತಾನಾಗಿ ಕೆಳಗೆ ಬಿತ್ತು. ಅದರ ಮೇಲೆ ಎದುರಾಳಿಗಳು ಬಿದ್ದರು. ಆಟದ ಕೊನೆಯ ಕಾಲುಭಾಗ ಬರುವ ಹೊತ್ತಿಗೆ ಊರಿನ ತಂಡ ನಾಲ್ಕು ಅಂಕ ಹಿಂದಿತ್ತು.

ಗೆರೆಯಾಚೆ ಬಂದು ಕೂತಾಗ, ಮೈಕೈ ನೋಡಿಕೊಳ್ಳುವ ಗಸ್ ಎಂಬ ಮುದುಕ ಅವನ ಮುಂದೆ ಮಂಡಿಯೂರಿ ಕೂತ. "ಕೈ ಕೊಡು. ಆ ಕೈ ಅಲ್ಲ," ಎಂದ. "ಬೆರಳು ಅಗಲಿಸು." ಮೂರು ಬೆರಳು ಅಗಲಿದವು, ಎರಡು ಹಾಗೇ ಅಂಟಿಕೊಂಡಿದ್ದವು. ಗಸ್ ಕಿರುಬೆರಳನ್ನು ಉಗುರಿನಿಂದ ಒತ್ತಿದ. ಲೈಲ್‌ನ ಮುಖವನ್ನು ನೋಡುತ್ತಲೇ ಇನ್ನೂ ಜೋರಾಗಿ ಒತ್ತಿದ.

"ಎಷ್ಟು ದಿನದಿಂದ ಹೀಗೆ?"

"ಈಗಷ್ಟೇ."

"ಹ್ಞೂಂ, ಈಗಷ್ಟೇ. ನಾನು ನಿನ್ನೆ ಹುಟ್ಟಿದವನು." ಗಸ್ ಗೊಣಗುತ್ತ ಎದ್ದ. "ನರ ಊದಿದೆ. ಹೋಗಲಿ ಬಿಡು, ಗಾಬರಿ ಬೀಳ್ಬೇಡ. ಪೆಟ್ಟಾಗಿದೆ ಅಂತ ಕೋಚ್‌ಗೆ ನಾನೇ ಹೇಳ್ತೀನಿ. ಮೇಲೆ ಕೂತವರಿಗೂ ಅರ್ಥ ಆಗುತ್ತೆ, ಪೆಟ್ಟು ಯಾರಿಗೆ ಬೀಳಲ್ಲ? ಹೊಸ ವರ್ಷದ ಹೊತ್ತಿಗೆ ಕೈ ಬಂದಿರುತ್ತೆ. ನಿನ್ನ ಜಾಗ ನಿನಗೇ ಇರುತ್ತೆ."

ಲೈಲ್‌ಗೆ ಮೈಯೆಲ್ಲ ಸಡಿಲವಾಯಿತು. ಎಷ್ಟು ಸುಲಭ. ಪೆಟ್ಟಾಗಿದೆ ಎಂಬ ಒಂದು ಬಾಗಿಲು, ಅದರಲ್ಲಿ ಹಾದರೆ ಸಾಕು. ಹೊರಗೆ ಹೋದಂತೆಯೂ ಆಯಿತು, ಒಳಗೇ ಉಳಿದಂತೆಯೂ ಆಯಿತು. ಆರ್ಲೋ ಇವತ್ತು ಆಡುತ್ತಾನೆ, ಅವನ ಅಜ್ಜ ನೋಡುತ್ತಾನೆ, ತಾಯಿ ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಂತಾಯಿತು. ಮುಂದಿನ ವಾರವೂ ಆಡಲಿ, ಗೆಲ್ಲಲಿ. ಆಮೇಲೆ ಹೊಸ ವರ್ಷದ ದಿನ ಇವನ ಕೈ ಬೆಚ್ಚಗಾಗಿ ಬಂದಾಗ ಆರ್ಲೋ ಎದ್ದು ಬೆಂಚಿಗೆ ಹೋಗುತ್ತಾನೆ, ಯಾಕೆಂದರೆ ಕಟ್ಟಳೆ ಹಾಗಿದೆ. ಆರ್ಲೋ ಅದನ್ನು ಮೀರುವವನಲ್ಲ. ತನಗೆ ಸಿಗದೆ ಹೋದ ಕಟ್ಟಳೆಯನ್ನು ಅವನು ಇವನಿಗೆ ನಡೆಸಿಕೊಡುತ್ತಾನೆ. ಬೂಟಿನ ದಾರ ಎಳೆದು ಸಮ ಮಾಡಿಕೊಂಡು ಹೋಗಿ ಕೂರುತ್ತಾನೆ. ಇದನ್ನು ಯೋಚಿಸುತ್ತಿದ್ದಂತೆ ಲೈಲ್‌ಗೆ ಬಾಯಲ್ಲಿ ಮರದ ಬೆಂಚಿನ ಮೇಣದ ರುಚಿ ಬಂತು. ಅವನು ಕಣ್ಣು ಮುಚ್ಚಿಕೊಳ್ಳಲಿಲ್ಲ. ಬೇಡಿಕೊಳ್ಳುವುದಕ್ಕೆ ಅವನಿಗೆ ಹೆದರಿಕೆಯಾಯಿತು, ಬೇಡಿಕೆಯ ಹಿಂದೆ ಏನು ಬಂದೀತೋ ಎಂದು. ಎದ್ದು, ಗಸ್‌ಗಿಂತ ಮುಂಚೆ ಕೋಚ್‌ನ ಹತ್ತಿರ ಹೋದ.

ಕೋಚ್ ಮರ್ಡಾಕ್ ಸಹಾಯಕರ ಜೊತೆ ಮಾತಾಡುವ ಕಿವಿಯ ಯಂತ್ರವನ್ನು ಒಂದು ಕಡೆ ಎತ್ತಿ, "ಏನು?" ಎಂದ, ಮೈದಾನದಿಂದ ಕಣ್ಣು ತೆಗೆಯದೆ.

"ಆರ್ಲೋನ ಆಡ್ಸಿ, ಕೋಚ್."

"ಪೆಟ್ಟಾಗಿದೆಯಾ?"

"ಆಗಿದೆ. ಬೆರಳು ಬರ್ತಾ ಇಲ್ಲ. ಆದ್ರೆ ಅದಕ್ಕಲ್ಲ."

"ಮತ್ತೆ?"

"ಜಾಗ ಅವನದು. ನನಗೆ ವಾಸಿಯಾದ್ರೂ ಅವನದೇ. ಹೊಸ ವರ್ಷದ್ದೂ ಅವನೇ ಆಡ್ಲಿ."

ಕೋಚ್ ಈಗ ಅವನ ಕಡೆ ತಿರುಗಿದ. ಬಹಳ ದಣಿದ ಮುಖ. "ನೋಡು ಮಗಾ, ಪೆಟ್ಟಾಗಿದೆ ಅಂತ ಮಾತ್ರ ಹೇಳು. ಮಿಕ್ಕಿದ್ದನ್ನ ಜೋರಾಗಿ ಹೇಳ್ಬೇಡ. ಸೋಲೋ ಹೊತ್ತಲ್ಲಿ ತಾನಾಗಿ ಕೈ ಬಿಟ್ಟ ಅಂತ ಮೇಲಿರೋರು ಬರ್ಕೊಂಡ್ರೆ, ನಿನ್ನನ್ನ ಯಾವನೂ ಮುಟ್ಟಲ್ಲ. ಗೊತ್ತಾ?"

"ಗೊತ್ತು."

"ನಿಮ್ಮಪ್ಪ ಅಲ್ಲಿದಾನೆ."

"ಗೊತ್ತು, ಕೋಚ್."

ಕೋಚ್ ಇನ್ನೇನೋ ಹೇಳಲು ಹೊರಟು, ಮೈದಾನದಲ್ಲಿ ಸೀಟಿ ಊದಿದ್ದರಿಂದ ತಿರುಗಿದ. ಯಂತ್ರವನ್ನು ಕಿವಿಗೆ ಮತ್ತೆ ಇಳಿಸಿಕೊಂಡು, "ಪಿಕೆಟ್," ಎಂದು ಕರೆದ, ದಿನವೂ ಕರೆಯುವ ದನಿಯಲ್ಲೇ. ತಾನು ಮಾಡಿದ್ದು ಒಳ್ಳೆಯದೋ, ಕೈ ಸತ್ತದ್ದರಿಂದ ಬೇರೆ ದಾರಿಯಿಲ್ಲದೆ ಮಾಡಿದ್ದೋ ಎಂದು ಲೈಲ್ ತನ್ನನ್ನೇ ಕೇಳಿಕೊಂಡ. ಬೆರಳುಗಳು ಸರಿಯಿದ್ದಿದ್ದರೆ? ಉತ್ತರ ಅವನಿಗೆ ಗೊತ್ತಿತ್ತು. ಅದು ಅಷ್ಟೇನೂ ನೋಯಿಸಲಿಲ್ಲ. ದೇವರು ಒಂದೊಂದು ಸಲ ಮನುಷ್ಯನ ಹೃದಯಕ್ಕೆ ಕಾಯದೆ ಕೈಯಿಂದಲೇ ಕೆಲಸ ಮಾಡಿಸುತ್ತಾನೇನೋ. ಮೇಲೆ ಎಲ್ಲೋ ಜನ ಗುಜುಗುಜು ಮಾಡುತ್ತಿದ್ದರು. ಅಪ್ಪ ಕೂತ ಕಡೆ ಅವನು ನೋಡಲಿಲ್ಲ.

ಆರ್ಲೋ ದಪ್ಪ ಕೋಟನ್ನು ಬೆಂಚಿನ ಮೇಲೆ ಹಾಕಿ, ಶಿರಸ್ತ್ರಾಣ ಹಿಡಿದು ಓಡಿ ಬಂದ. ಇವನೆದುರು ನಿಂತು ರೂಢಿಯ ಮಾತು ಆಡಿದ. "ಬೇಗ ವಾಸಿ ಮಾಡ್ಕೊ. ಅಲ್ಲಿವರೆಗೂ ನಾನು ನೋಡ್ಕೊಂಡಿರ್ತೀನಿ."

"ನೋಡ್ಕೊಳ್ಳೋದು ಬೇಡ," ಎಂದ ಲೈಲ್. "ನಾನು ವಾಪಸ್ ಬರಲ್ಲ. ಕೋಚ್‌ಗೂ ಹೇಳಿದೀನಿ."

ಆರ್ಲೋ ಅವನನ್ನು ನೋಡಿದ. ಎರಡು ವರ್ಷದಲ್ಲಿ ಮೊದಲ ಸಲ ಅವನ ಮುಖದಲ್ಲಿ ಸಿಟ್ಟು ಕಂಡಿತು, ನಿಜವಾದ ಸಿಟ್ಟು, ಗಲ್ಲದ ಎಲುಬು ಎದ್ದು ಕಾಣುವಂಥದ್ದು. "ಈಗ ಹೇಳ್ತಿದೀಯ," ಎಂದ.

"ಹೌದು."

"ನಾಲ್ಕು ಪಾಯಿಂಟ್ ಹಿಂದಿರೋವಾಗ."

"ಹೌದು ಕಣೋ."

ಸಿಟ್ಟು ಅಲ್ಲೇ ಇತ್ತು, ಹೋಗಲಿಲ್ಲ. ಲೈಲ್‌ಗೆ ಅದು ಹೋಗುವುದೂ ಬೇಕಿರಲಿಲ್ಲ. ಆಡುವ ಕ್ವಾರ್ಟರ್‌ಬ್ಯಾಕ್ ಕಟ್ಟಿಕೊಳ್ಳುವ, ವರಸೆಗಳ ಹೆಸರು ಬರೆದ ಪಟ್ಟಿಯನ್ನು ಎಡ ಮಣಿಕಟ್ಟಿನಿಂದ ಬಿಚ್ಚಲು ಹೋದ. ಬಲಗೈಯ ಬೆರಳು ಮಾತು ಕೇಳಲಿಲ್ಲ, ಅಂಚು ಸಿಗಲಿಲ್ಲ, ಜಾರಿತು, ಮತ್ತೆ ಜಾರಿತು. ಆರ್ಲೋ ಸಹಾಯ ಮಾಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ಮೈದಾನದಲ್ಲಿ ಕುಲಿಕ್ ಸೊಂಟದ ಮೇಲೆ ಕೈಯಿಟ್ಟು ಇತ್ತ ನೋಡುತ್ತ ನಿಂತಿದ್ದ. ಕೊನೆಗೆ ಲೈಲ್ ಪಟ್ಟಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಬಿಚ್ಚಿದ. ಒದ್ದೆಯಾದದ್ದನ್ನು ಅಂಗಿಗೆ ಒರೆಸಿ, ಆರ್ಲೋನ ಕೈಗೆ ಕೊಟ್ಟ.